ಆಫೀಸಿನ ಡಿಎಚ್‌ಸಿಪಿ ಸರ್ವರ್ ಬದಲಿಸುವುದು ಹೇಗೆ? ಸೋಮವಾರ ಬೆಳಿಗ್ಗೆ ಫೋನ್ ಬರಬಾರದು ಅಂದರೆ

ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. "ಹಳೇ ಸರ್ವರ್ ತೆಗೆದು ಹೊಸದು ಕೂರಿಸಿದೆವು. ಅರ್ಧ ಜನಕ್ಕೆ ನೆಟ್ ಬರುತ್ತೆ, ಅರ್ಧ ಜನಕ್ಕೆ ಇಲ್ಲ." ಇಲ್ಲವೇ, "ಬದಲಾಯಿಸಿದ ದಿನ ಎಲ್ಲಾ ಸರಿ ಇತ್ತು. ವಾರ ಕಳೆದ ಮೇಲೆ ಒಬ್ಬೊಬ್ಬರದೇ ಕೈಕೊಡಲು ಶುರುವಾಯಿತು." ಎರಡನೆಯದೇ ಜಾಸ್ತಿ ಕಾಡುವಂಥದ್ದು. ಅದು ಯಾಕೆ ಹಾಗಾಗುತ್ತದೆ ಅನ್ನುವುದು ಗೊತ್ತಾದರೆ ಈ ಕೆಲಸದ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಈಗ ಈ ಪ್ರಶ್ನೆ ಹೆಚ್ಚಾಗಲು ಕಾರಣವೂ ಇದೆ. ವಿಂಡೋಸ್ ಸರ್ವರ್ 2012 ಆರ್2ಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಪೋರ್ಟ್ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. 2016ರ ಆವೃತ್ತಿಗೆ 2027ರ ಜನವರಿ 12 ಕೊನೆಯ ದಿನ. ಟ್ಯಾಲಿ, ಫೈಲ್ ಶೇರಿಂಗ್, ಲಾಗಿನ್, ಐಪಿ ವಿಳಾಸ ಹಂಚುವುದು ಎಲ್ಲವನ್ನೂ ಒಂದೇ ಹಳೇ ಸರ್ವರ್ ಮೇಲೆ ಹೇರಿಕೊಂಡಿರುವ ಆಫೀಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ಹಳೇ ವಿಂಡೋಸ್ ಸರ್ವರ್‌ನಿಂದ 2022ರಂಥ ಹೊಸದಕ್ಕೆ ಹೋಗುವುದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ರೌಟರ್ ಡಬ್ಬಿಯೇ ವಿಳಾಸ ಕೊಡುತ್ತಿದ್ದರೆ ಕೊನೆಯಲ್ಲಿ ನಿಮಗೂ ಒಂದು ಭಾಗ ಇದೆ. ಆದರೆ ಮೊದಲ ಮೂರು ಹಂತಗಳನ್ನು ಬಿಡಬೇಡಿ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಕಮಾಂಡ್ ಟೈಪ್ ಮಾಡಿ ಕೊಡುವ ಕಿಟಕಿ) ಮೊದಲ ಕೆಲವು ಅಕ್ಷರ ಒತ್ತಿ ಟ್ಯಾಬ್ ಕೀ ಒತ್ತಿದರೆ ಉಳಿದದ್ದನ್ನು ಅದೇ ತುಂಬಿಕೊಡುತ್ತದೆ.

ಮೊದಲು: ಲೀಸ್ ಅಂದರೆ ಏನು?

ಡಿಎಚ್‌ಸಿಪಿ ಅಂದರೆ ನೆಟ್‌ವರ್ಕ್‌ಗೆ ಬಂದ ಪ್ರತಿ ಯಂತ್ರಕ್ಕೂ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಯಂತ್ರವನ್ನು ಗುರುತಿಸುವ ಸಂಖ್ಯೆ) ಹಂಚುವ ವ್ಯವಸ್ಥೆ. ಕಂಪ್ಯೂಟರ್ ಆನ್ ಆದ ಕೂಡಲೇ "ಯಾರಾದರೂ ನನಗೊಂದು ವಿಳಾಸ ಕೊಡಿ" ಅಂತ ಇಡೀ ನೆಟ್‌ವರ್ಕ್‌ಗೆ ಕೂಗುತ್ತದೆ. ಸರ್ವರ್ ಉತ್ತರ ಕೊಡುತ್ತದೆ. ಬರೀ ವಿಳಾಸವನ್ನಲ್ಲ, ಜೊತೆಗೆ ಹೊರಗೆ ಹೋಗುವ ಬಾಗಿಲು ಯಾವುದು (ಗೇಟ್‌ವೇ), ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವವರು ಯಾರು (ಡಿಎನ್‌ಎಸ್) ಅನ್ನುವುದನ್ನೂ ಹೇಳುತ್ತದೆ.

ಈ ವಿಳಾಸ ಶಾಶ್ವತವಲ್ಲ. ಮನೆ ಬಾಡಿಗೆಯ 11 ತಿಂಗಳ ಕರಾರು ಇರುತ್ತಲ್ಲ, ಹಾಗೆ ಇದಕ್ಕೂ ಒಂದು ಅವಧಿ ಇದೆ. ಅದಕ್ಕೇ ಲೀಸ್ ಅಂತ ಹೆಸರು. ವಿಂಡೋಸ್ ಸರ್ವರ್‌ನಲ್ಲಿ ನೀವು ಏನೂ ಬದಲಾಯಿಸದಿದ್ದರೆ ಅದು 8 ದಿನ. ಅರ್ಧ ಅವಧಿ, ಅಂದರೆ 4 ದಿನ ಆದಾಗ, ಕಂಪ್ಯೂಟರ್ ತನಗೆ ವಿಳಾಸ ಕೊಟ್ಟ ಸರ್ವರ್‌ಗೇ ನೇರವಾಗಿ "ಮುಂದುವರಿಸಲಾ?" ಅಂತ ಕೇಳುತ್ತದೆ. ಉತ್ತರ ಬರದಿದ್ದರೆ ಗಾಬರಿಯಾಗುವುದಿಲ್ಲ, ಆಗಾಗ ಮತ್ತೆ ಕೇಳುತ್ತಾ ಇರುತ್ತದೆ. ಶೇಕಡಾ 87.5ರಷ್ಟು ಅವಧಿ, ಅಂದರೆ 7 ದಿನ ಮುಗಿದ ಮೇಲೆ, "ಯಾರಾದರೂ ಮುಂದುವರಿಸಿ" ಅಂತ ಎಲ್ಲರಿಗೂ ಕೂಗುತ್ತದೆ. 8ನೇ ದಿನ ಮುಗಿದರೆ ವಿಳಾಸ ಬಿಟ್ಟುಕೊಡಲೇಬೇಕು.

ಈಗ ಆ ಎರಡನೇ ಪ್ರಶ್ನೆಗೆ ಬನ್ನಿ. ಹಳೇ ಸರ್ವರ್ ಆಫ್ ಮಾಡಿದ್ದೀರಿ. ಹೊಸದು ಯಾವುದೋ ಕಾರಣಕ್ಕೆ ಉತ್ತರವನ್ನೇ ಕೊಡುತ್ತಿಲ್ಲ. ಆದರೂ ಮೊದಲ ದಿನ ಯಾರಿಗೂ ತೊಂದರೆ ಇಲ್ಲ, ಯಾಕೆಂದರೆ ಎಲ್ಲರ ಕರಾರೂ ಇನ್ನೂ ಜೀವಂತ. ದಿನ ಕಳೆದ ಹಾಗೆ ಒಂದೊಂದೇ ಮುಗಿಯುತ್ತದೆ, ಒಬ್ಬೊಬ್ಬರೇ ಬೀಳುತ್ತಾರೆ. ಅಷ್ಟು ಹೊತ್ತಿಗೆ ಸರ್ವರ್ ಬದಲಿಸಿದ್ದು ಎಲ್ಲರಿಗೂ ಮರೆತುಹೋಗಿರುತ್ತದೆ, ಇಂಟರ್ನೆಟ್ ಕಂಪನಿಯವರಿಗೆ ಬೈಗುಳ ಬೀಳುತ್ತದೆ!

ಬೇಕಾಗುವ ಸಾಮಾನು

ಹಳೇ ಮತ್ತು ಹೊಸ ಸರ್ವರ್ ಎರಡರ ಅಡ್ಮಿನ್ ಪಾಸ್‌ವರ್ಡ್. ನಿಮ್ಮದು ಡೊಮೈನ್ ನೆಟ್‌ವರ್ಕ್ ಆಗಿದ್ದರೆ (ಎಲ್ಲರೂ ಒಂದೇ ಸರ್ವರ್ ಮೂಲಕ ಲಾಗಿನ್ ಆಗುವ ವ್ಯವಸ್ಥೆ) ಎಂಟರ್‌ಪ್ರೈಸ್ ಅಡ್ಮಿನ್ ಹಕ್ಕು. ರೌಟರ್ ಮತ್ತು ಸ್ವಿಚ್‌ಗಳ ಲಾಗಿನ್. ಒಂದು ಪೆನ್‌ಡ್ರೈವ್. ಪರೀಕ್ಷೆಗೆ ಒಂದು ಲ್ಯಾಪ್‌ಟಾಪ್. ಇವುಗಳಲ್ಲಿ ಸಿಗದೇ ಸತಾಯಿಸುವುದು ಸ್ವಿಚ್‌ನ ಪಾಸ್‌ವರ್ಡ್. ಅದನ್ನು ಹಾಕಿಕೊಟ್ಟವರು ಕೆಲಸ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿರುತ್ತದೆ. ಈವತ್ತೇ ಹುಡುಕಲು ಶುರುಮಾಡಿ.

ಜೊತೆಗೆ ದಿನವನ್ನೂ ನೋಡಿ ಆರಿಸಿ. ಶನಿವಾರ ಸಂಜೆ ಒಳ್ಳೆಯದು, ಭಾನುವಾರ ಇಡೀ ದಿನ ಕೈಯಲ್ಲಿರುತ್ತದೆ. ಜಿಎಸ್‌ಟಿ 3ಬಿ ತುಂಬುವ 20ನೇ ತಾರೀಖಿನ ಹಿಂದೆಮುಂದೆ, ಸಂಬಳ ಹಾಕುವ ವಾರ ಇವನ್ನು ಬಿಟ್ಟುಬಿಡಿ. ಅಕೌಂಟ್ಸ್‌ನವರು ನಿಮ್ಮನ್ನು ಕ್ಷಮಿಸುವುದಿಲ್ಲ.

1. ನೆಟ್‌ವರ್ಕ್‌ನಲ್ಲಿ ನಿಜಕ್ಕೂ ಏನೇನಿದೆ ಅಂತ ಪಟ್ಟಿ ಮಾಡಿ

ಇದು ಬೇಸರದ ಕೆಲಸ. ಹಾಗಾಗಿಯೇ ಎಲ್ಲರೂ ಹಾರಿಸುವುದು, ಹಾಗಾಗಿಯೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು.

ಹಳೇ ಸರ್ವರ್‌ನ ಡಿಎಚ್‌ಸಿಪಿ ಕನ್ಸೋಲ್ ತೆರೆದರೆ ಮೂರು ವಿಷಯ ಕಾಣುತ್ತದೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಹಂಚಬೇಕು ಅನ್ನುವ ಸ್ಕೋಪ್. ಈಗ ಯಾರ ಹತ್ತಿರ ಯಾವ ವಿಳಾಸ ಇದೆ ಅನ್ನುವ ಲೀಸ್ ಪಟ್ಟಿ. ಇಂಥ ಯಂತ್ರಕ್ಕೆ ಯಾವಾಗಲೂ ಇದೇ ವಿಳಾಸ ಅಂತ ಮೀಸಲಿಟ್ಟ ರಿಸರ್ವೇಶನ್. ಈ ಮೀಸಲು ನಿಂತಿರುವುದು ಯಂತ್ರದ ಮ್ಯಾಕ್ ವಿಳಾಸದ ಮೇಲೆ. ಮ್ಯಾಕ್ ಅಂದರೆ ನೆಟ್‌ವರ್ಕ್ ಕಾರ್ಡ್‌ಗೆ ತಯಾರಾಗುವಾಗಲೇ ಬರುವ ಗುರುತು ಸಂಖ್ಯೆ.

ಕನ್ಸೋಲ್‌ನಲ್ಲಿ ಕಾಣದ ಇನ್ನೊಂದು ಗುಂಪು ಇದೆ. ಯಾರೋ ಯಾವಾಗಲೋ ಬಂದು, ಯಂತ್ರದ ಮೆನುವಿನಲ್ಲೇ ಕೈಯಾರೆ ವಿಳಾಸ ಬರೆದು ಹೋಗಿರುತ್ತಾರೆ. ಪ್ರಿಂಟರ್, ಸಿಸಿಟಿವಿಯ ರೆಕಾರ್ಡರ್, ಬೆರಳು ಒತ್ತಿ ಹಾಜರಿ ಹಾಕುವ ಬಯೋಮೆಟ್ರಿಕ್ ಯಂತ್ರ, ವೈಫೈ ಆಕ್ಸೆಸ್ ಪಾಯಿಂಟ್, ಟ್ಯಾಲಿ ಲೈಸೆನ್ಸ್ ಇರುವ ಕಂಪ್ಯೂಟರ್. ಇವು ಡಿಎಚ್‌ಸಿಪಿ ಸರ್ವರ್ ಜೊತೆ ಮಾತೇ ಆಡುವುದಿಲ್ಲ, ಹಾಗಾಗಿ ಅದರ ಪಟ್ಟಿಯಲ್ಲಿ ಇರುವುದಿಲ್ಲ. ಒಂದು ಕಡೆ ನಾನು ಬಯೋಮೆಟ್ರಿಕ್ ಯಂತ್ರವನ್ನು ಮರೆತಿದ್ದೆ. ಅದರ ವಿಳಾಸವನ್ನೇ ಹೊಸ ಸರ್ವರ್ ಒಂದು ಲ್ಯಾಪ್‌ಟಾಪ್‌ಗೆ ಕೊಟ್ಟಿತ್ತು. ಮಧ್ಯಾಹ್ನದವರೆಗೆ ಯಾರ ಹಾಜರಿಯೂ ಬೀಳಲಿಲ್ಲ.

ಇಂಥವನ್ನು ಹಿಡಿಯುವ ಸುಲಭ ದಾರಿ ಇದು. ಆಂಗ್ರಿ ಐಪಿ ಸ್ಕ್ಯಾನರ್‌ನಂಥ ಉಚಿತ ತಂತ್ರಾಂಶದಿಂದ ಇಡೀ ವಿಳಾಸ ಸಾಲನ್ನು ಒಮ್ಮೆ ಸ್ಕ್ಯಾನ್ ಮಾಡಿ. ಮುಗಿದ ಕೂಡಲೇ ಅದೇ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಎಆರ್‌ಪಿ -ಎ" ಅಂತ ಕೊಡಿ. ಪಿಂಗ್‌ಗೆ ("ಇದ್ದೀಯಾ?" ಅಂತ ಕೇಳುವ ಸಣ್ಣ ಸಂದೇಶ) ಉತ್ತರ ಕೊಡದ ಯಂತ್ರಗಳೂ ಇಲ್ಲಿ ಮ್ಯಾಕ್ ಸಮೇತ ಕಾಣಿಸುತ್ತವೆ, ಯಾಕೆಂದರೆ ಪಿಂಗ್ ಕಳಿಸುವ ಮುಂಚೆ "ಈ ವಿಳಾಸ ಯಾರದು?" ಅಂತ ಕೇಳುವ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡಲೇಬೇಕು. ವಿಂಡೋಸ್ ಫೈರ್‌ವಾಲ್ ಎಷ್ಟೋ ಕಡೆ ಪಿಂಗ್ ತಡೆಯುವುದರಿಂದ, ಬರೀ ಪಿಂಗ್ ನಂಬಿ "ಈ ವಿಳಾಸ ಖಾಲಿ ಇದೆ" ಅಂದುಕೊಳ್ಳಬೇಡಿ. ಇದನ್ನು ಹಗಲು ಎಲ್ಲರೂ ಇರುವಾಗ ಒಮ್ಮೆ, ರಾತ್ರಿ ಒಮ್ಮೆ ಮಾಡಿ. ರಾತ್ರಿ ಉಳಿಯುವವೇ ಸಾಮಾನ್ಯವಾಗಿ ಆ ಕೈಯಾರೆ ಬರೆದ ಗುಂಪು. ಒಂದಕ್ಕಿಂತ ಜಾಸ್ತಿ ವಿಎಲ್ಯಾನ್ ಇದ್ದರೆ, ಅಂದರೆ ಒಂದೇ ಸ್ವಿಚ್‌ನಲ್ಲಿ ನೆಟ್‌ವರ್ಕನ್ನು ಬೇರೆ ಬೇರೆ ಕೋಣೆಗಳ ಹಾಗೆ ಬೇರ್ಪಡಿಸಿದ್ದರೆ, ಪ್ರತಿ ಕೋಣೆಯಲ್ಲೂ ಕೂತು ಬೇರೆ ಬೇರೆಯಾಗಿ ಮಾಡಬೇಕು.

ಸ್ಕ್ಯಾನ್‌ನಲ್ಲಿ ಕಂಡದ್ದರಿಂದ ಲೀಸ್ ಪಟ್ಟಿಯಲ್ಲಿ ಇರುವುದನ್ನು ಕಳೆದರೆ ಉಳಿಯುವುದೇ ನಿಮಗೆ ಬೇಕಾದ್ದು. ಅವುಗಳಲ್ಲಿ ಸ್ಕೋಪಿನ ಒಳಗೆ ಬಿದ್ದಿರುವ ವಿಳಾಸಗಳನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸಿ, ಅಂದರೆ "ಇದನ್ನು ಯಾರಿಗೂ ಕೊಡಬೇಡ" ಅನ್ನುವ ಪಟ್ಟಿಗೆ. ಹಳೇ ಸರ್ವರ್‌ನಲ್ಲೇ ಸೇರಿಸಿ, ಹೊಸದಕ್ಕೆ ತಾನಾಗಿ ಬರುತ್ತದೆ.

ಮೊಬೈಲ್‌ಗಳಿಗೆ ರಿಸರ್ವೇಶನ್ ಮಾಡಿದ್ದರೆ ಅದನ್ನು ನಂಬಬೇಡಿ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈನಲ್ಲಿ ನಿಜವಾದ ಮ್ಯಾಕ್ ಬದಲು ಒಂದು ಸುಳ್ಳು ಮ್ಯಾಕ್ ತೋರಿಸುತ್ತವೆ.

2. ಹೊಸ ಸರ್ವರ್‌ಗೆ ಹಳೇ ವಿಳಾಸವೋ, ಹೊಸದೋ?

ಹಳೇ ಸರ್ವರ್ ಬರೀ ಡಿಎಚ್‌ಸಿಪಿ ಮಾಡುತ್ತಿದ್ದರೆ, ಕೊನೆಯಲ್ಲಿ ಅದರ ಐಪಿಯನ್ನೇ ಹೊಸದಕ್ಕೆ ಕೊಡುವುದು ಸಲೀಸು. ಆದರೆ ಅದು ಡಿಎನ್‌ಎಸ್, ಲಾಗಿನ್, ಫೈಲ್ ಎಲ್ಲಾ ಹೊತ್ತಿದ್ದರೆ ಹೊಸ ವಿಳಾಸವೇ ಇರಲಿ. ಎಲ್ಲವನ್ನೂ ಒಂದೇ ರಾತ್ರಿ ಎತ್ತಿ ಸಾಗಿಸಲು ಹೋದರೆ ಯಾವುದು ಮುರಿಯಿತು ಅಂತ ಗೊತ್ತಾಗುವುದಿಲ್ಲ.

ಹೊಸ ವಿಳಾಸ ಅಂತ ತೀರ್ಮಾನಿಸಿದರೆ ಎರಡು ಕಡೆ ನೋಡಬೇಕು.

ಒಂದು, ರಿಲೇ. ಕಂಪ್ಯೂಟರ್ ಕೂಗುವ ಕೂಗು ತನ್ನ ಕೋಣೆಯ ಆಚೆ ಕೇಳುವುದಿಲ್ಲ. ಹಾಗಾಗಿ ವಿಎಲ್ಯಾನ್‌ಗಳಿರುವ ಕಡೆ ದೊಡ್ಡ ಸ್ವಿಚ್ ಅಥವಾ ರೌಟರ್ ಆ ಕೂಗನ್ನು ಕೇಳಿಸಿಕೊಂಡು ಸರ್ವರ್‌ಗೆ ತಲುಪಿಸುತ್ತದೆ. ಸಿಸ್ಕೋ ಸ್ವಿಚ್‌ಗಳಲ್ಲಿ ಇದಕ್ಕೆ ಹೆಲ್ಪರ್ ಅಡ್ರೆಸ್ ಅನ್ನುತ್ತಾರೆ. ಪ್ರತಿ ವಿಎಲ್ಯಾನ್‌ನಲ್ಲೂ ಹೊಸ ಸರ್ವರ್‌ನ ವಿಳಾಸವನ್ನು ಸೇರಿಸಬೇಕು. ಹಳೆಯದನ್ನು ಸದ್ಯಕ್ಕೆ ತೆಗೆಯಬೇಡಿ, ಎರಡೂ ಇರಬಹುದು.

ಎರಡು, ಡಿಎಚ್‌ಸಿಪಿ ಸ್ನೂಪಿಂಗ್. ಇದು ಕೆಲವು ಸ್ವಿಚ್‌ಗಳಲ್ಲಿರುವ ಕಾವಲುಗಾರ. "ವಿಳಾಸ ಹಂಚುವ ಹಕ್ಕು ಈ ಪೋರ್ಟ್‌ನಲ್ಲಿ ಇರುವವರಿಗೆ ಮಾತ್ರ" ಅಂತ ಅದಕ್ಕೆ ಹೇಳಿಟ್ಟಿರುತ್ತಾರೆ. ಹೊಸ ಸರ್ವರ್ ಬೇರೆ ಪೋರ್ಟ್‌ನಲ್ಲಿ ಕೂತರೆ ಅದರ ಉತ್ತರಗಳನ್ನು ಸ್ವಿಚ್ ಸದ್ದಿಲ್ಲದೆ ಬಿಸಾಡುತ್ತದೆ. ಸರ್ವರ್‌ನಲ್ಲಿ ಎಲ್ಲಾ ಹಸಿರು, ಕಂಪ್ಯೂಟರ್‌ನಲ್ಲಿ ವಿಳಾಸ ಇಲ್ಲ. ಹೊಸ ಪೋರ್ಟನ್ನು ಟ್ರಸ್ಟೆಡ್ ಅಂತ ಗುರುತು ಮಾಡಿ. ಶುರುವಿನಲ್ಲಿ ಹೇಳಿದ "ವಾರ ಕಳೆದ ಮೇಲೆ" ಕಥೆಗೆ ಇದೂ ಒಂದು ಕಾರಣ.

3. ಲೀಸ್ ಅವಧಿ ಇಳಿಸಬೇಕೇ?

ಎಲ್ಲರೂ ಹೇಳುವ ಸಲಹೆ ಇದು: "ಬದಲಿಸುವ ಮುಂಚೆ ಲೀಸ್ ಅವಧಿಯನ್ನು ಒಂದು ಗಂಟೆಗೆ ಇಳಿಸಿ." ಸುಮ್ನೆ ಕಣ್ಣುಮುಚ್ಚಿ ಹಾಗೆ ಮಾಡಬೇಡಿ. ಗೇಟ್‌ವೇ ಮತ್ತು ಡಿಎನ್‌ಎಸ್ ವಿಳಾಸ ಬದಲಾಗುತ್ತಿಲ್ಲ ಅಂದರೆ ಉದ್ದದ ಲೀಸ್ ನಿಮ್ಮ ಸ್ನೇಹಿತ. ಹೊಸ ಸರ್ವರ್ ಎರಡು ದಿನ ಸತಾಯಿಸಿದರೂ ಜನ ಕೆಲಸ ಮಾಡುತ್ತಿರುತ್ತಾರೆ. ಒಂದು ಗಂಟೆಯ ಲೀಸ್ ಇದ್ದರೆ ನಿಮ್ಮ ಹತ್ತಿರ ಇರುವುದು ಒಂದೇ ಗಂಟೆ.

ಇಳಿಸುವ ಅಗತ್ಯ ಬರುವುದು ಲೀಸ್ ಜೊತೆ ಹೋಗುವ ಮಾಹಿತಿ ಬದಲಾಗುವಾಗ. ಸಾಮಾನ್ಯವಾಗಿ ಅದು ಡಿಎನ್‌ಎಸ್. ಹಳೇ ಸರ್ವರೇ ಡಿಎನ್‌ಎಸ್ ಕೂಡ ಆಗಿದ್ದು, ಅದನ್ನು ಆಫ್ ಮಾಡಿದರೆ, ಕಂಪ್ಯೂಟರ್‌ಗಳು ಇಲ್ಲದ ಸರ್ವರ್‌ಗೆ ಹೆಸರು ಕೇಳುತ್ತಾ ಕೂರುತ್ತವೆ. ಐಪಿ ಇದೆ, ಗೇಟ್‌ವೇಗೆ ಪಿಂಗ್ ಹೋಗುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ.

ಅದಕ್ಕೂ ಅವಧಿ ಇಳಿಸದೆ ಮಾಡುವ ದಾರಿ ಇದೆ, ನನಗೆ ಇದೇ ಇಷ್ಟ. ಬದಲಿಸುವ ಹತ್ತು ದಿನ ಮುಂಚೆ, ಹಳೇ ಸರ್ವರ್‌ನ ಆಪ್ಷನ್ 6ರಲ್ಲಿ (ಡಿಎನ್‌ಎಸ್ ವಿಳಾಸ ಇರುವ ಜಾಗ) ಹಳೇ ಡಿಎನ್‌ಎಸ್ ಜೊತೆಗೆ ಹೊಸದನ್ನೂ ಸೇರಿಸಿ. ಹೊಸ ಡಿಎನ್‌ಎಸ್ ಆಗಲೇ ಕೆಲಸ ಮಾಡುತ್ತಿರಬೇಕು ಅನ್ನುವುದನ್ನು ಮರೆಯಬೇಡಿ. ನಾಲ್ಕೇ ದಿನದಲ್ಲಿ, ಕರಾರು ಮುಂದುವರಿಸಲು ಬಂದ ಪ್ರತಿ ಕಂಪ್ಯೂಟರ್ ಎರಡನ್ನೂ ಕಲಿತುಕೊಂಡು ಹೋಗಿರುತ್ತದೆ. ಆಮೇಲೆ ಹಳೆಯದು ಹೋದರೂ ಎರಡನೆಯದನ್ನು ಕೇಳುತ್ತವೆ. ಸ್ವಲ್ಪ ನಿಧಾನ ಅನಿಸಬಹುದು, ಅಷ್ಟೇ.

ಇಲ್ಲೊಂದು ಗುಂಡಿ ಇದೆ. ಆಪ್ಷನ್‌ಗಳನ್ನು ಇಡೀ ಸರ್ವರ್‌ಗೆ ಒಂದು ಕಡೆ ಬರೆಯಬಹುದು, ಸ್ಕೋಪಿಗೆ ಬೇರೆಯಾಗಿಯೂ ಬರೆಯಬಹುದು. ಎರಡೂ ಕಡೆ ಇದ್ದರೆ ಸ್ಕೋಪಿನದ್ದೇ ಗೆಲ್ಲುತ್ತದೆ. ಸರ್ವರ್ ಆಪ್ಷನ್ಸ್‌ನಲ್ಲಿ ಡಿಎನ್‌ಎಸ್ ಬದಲಿಸಿ, ಸ್ಕೋಪ್ ಆಪ್ಷನ್ಸ್‌ನಲ್ಲಿ ಹಳೆಯದು ಹಾಗೇ ಉಳಿದಿರುವುದನ್ನು ನೋಡದೆ ಹೋಗುವವರು ಬಹಳ ಜನ. ಇನ್ನೊಂದು: ಕೈಯಾರೆ ವಿಳಾಸ ಬರೆದ ಯಂತ್ರಗಳಲ್ಲಿ ಡಿಎನ್‌ಎಸ್ ಕೂಡ ಕೈಯಾರೆಯೇ ಬರೆದಿರುತ್ತಾರೆ. ಅವನ್ನು ನೀವೇ ಎದ್ದುಹೋಗಿ ಬದಲಿಸಬೇಕು.

ಅವಧಿ ಇಳಿಸಲೇಬೇಕಾಗಿ ಬಂದರೆ, ಹಳೇ ಲೀಸಿನ ಅರ್ಧಕ್ಕಿಂತ ಮುಂಚೆ, ಅಂದರೆ 8 ದಿನದ ಲೀಸ್ ಆಗಿದ್ದರೆ ಕನಿಷ್ಠ 4 ದಿನ ಮುಂಚೆ ಇಳಿಸಿ. ಹಿಂದಿನ ದಿನ ಇಳಿಸಿದರೆ ಪ್ರಯೋಜನವಿಲ್ಲ, ಬಹಳಷ್ಟು ಯಂತ್ರಗಳಿಗೆ ಆ ಸುದ್ದಿಯೇ ತಲುಪಿರುವುದಿಲ್ಲ. ಒಂದು ಗಂಟೆ ಬೇಡ, 8 ಗಂಟೆ ಸಾಕು.

4. ಹೊಸ ಸರ್ವರ್ ಸಿದ್ಧ ಮಾಡಿ, ಆದರೆ ಬಾಯಿ ತೆರೆಯಲು ಬಿಡಬೇಡಿ

ಹೊಸ ಸರ್ವರ್‌ಗೆ ಮೊದಲು ಕೈಯಾರೆ ಐಪಿ ಬರೆಯಿರಿ. ವಿಳಾಸ ಹಂಚುವವನೇ ಬೇರೆಯವರ ಹತ್ತಿರ ವಿಳಾಸ ಬೇಡಬಾರದು ಅಲ್ವಾ? ಆಮೇಲೆ ಸರ್ವರ್ ಮ್ಯಾನೇಜರ್‌ನಿಂದ ಡಿಎಚ್‌ಸಿಪಿ ಸರ್ವರ್ ರೋಲ್ (ಈ ಕೆಲಸ ಮಾಡುವ ಭಾಗ) ಹಾಕಿ.

ರೋಲ್ ಹಾಕಿದ ಮೇಲೆ ಹಳದಿ ತ್ರಿಕೋನದ ಒಂದು ಸೂಚನೆ ಬರುತ್ತದೆ, "ಕಾನ್ಫಿಗರೇಶನ್ ಮುಗಿಸಿ" ಅಂತ. ಅದರೊಳಗೆ ಆಥರೈಸ್ ಮಾಡುವ, ಅಂದರೆ ವಿಳಾಸ ಹಂಚಲು ಡೊಮೈನ್‌ನಲ್ಲಿ ಅನುಮತಿ ಕೊಡುವ ಹಂತವೂ ಇದೆ. ಡೊಮೈನ್‌ನಲ್ಲಿರುವ ವಿಂಡೋಸ್ ಡಿಎಚ್‌ಸಿಪಿ ಸರ್ವರ್ ಆಥರೈಸ್ ಆಗದೆ ಯಾರಿಗೂ ವಿಳಾಸ ಕೊಡುವುದಿಲ್ಲ, ಅದು ಒಳ್ಳೆಯ ಬೀಗ. ಈಗ ಅದನ್ನು ತೆಗೆಯಬೇಡಿ, ಸ್ಕಿಪ್ ಅನ್ನುವುದನ್ನು ಆರಿಸಿ. ಡೊಮೈನ್ ಇಲ್ಲದ ಆಫೀಸುಗಳಲ್ಲಿ ಈ ಬೀಗ ಇರುವುದಿಲ್ಲ. ಅಂಥ ಕಡೆ ಹಳೆಯದು ನಿಲ್ಲುವವರೆಗೆ ಹೊಸದರಲ್ಲಿ ಸ್ಕೋಪ್ ಇಲ್ಲದಿರುವುದೇ ಬೀಗ.

ಡೊಮೈನ್ ಇರಲಿ ಬಿಡಲಿ, ಹೊಸದರಲ್ಲಿ ಮೊದಲೇ ಸ್ಕೋಪ್ ಮಾಡಿಡಲು ಹೋಗಬೇಡಿ. ಅದೇ ಸ್ಕೋಪ್ ಆಗಲೇ ಇದ್ದರೆ ಆಮೇಲೆ ಇಂಪೋರ್ಟ್ ತಕರಾರು ಮಾಡುತ್ತದೆ.

5. ಬದಲಿಸುವ ಸಂಜೆ

ಇಲ್ಲಿ ಕ್ರಮ ಮುಖ್ಯ. ಎರಡೂ ಸರ್ವರ್‌ನಲ್ಲಿ ಸಿ ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳಿ.

ಹಳೇ ಸರ್ವರ್‌ನಲ್ಲಿ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಎಕ್ಸ್‌ಪೋರ್ಟ್-ಡಿಎಚ್‌ಸಿಪಿಸರ್ವರ್" ಕಮಾಂಡ್ ಕೊಡಿ. ಅದಕ್ಕೆ "-ಫೈಲ್" ಅಂತ ಹೇಳಿ ಎಕ್ಸ್‌ಎಂಎಲ್ ಕಡತದ ಹೆಸರು ಕೊಡಿ. ಕೊನೆಗೆ "-ಲೀಸಸ್" ಸೇರಿಸಿ. ಈ ಕೊನೆಯ ಒಂದು ಪದ ಬಿಟ್ಟರೆ ಸ್ಕೋಪ್, ರಿಸರ್ವೇಶನ್ ಎಲ್ಲಾ ಬರುತ್ತದೆ, ಆದರೆ ಈಗ ಯಾರ ಹತ್ತಿರ ಯಾವ ವಿಳಾಸ ಇದೆ ಅನ್ನುವ ನೆನಪು ಬರುವುದಿಲ್ಲ. ಆಗ ಹೊಸ ಸರ್ವರ್‌ಗೆ ಇಡೀ ಆಫೀಸು ಖಾಲಿ ಮನೆಯಂತೆ ಕಾಣುತ್ತದೆ. ಒಬ್ಬರು ಕೂತಿರುವ ಮನೆಗೇ ಇನ್ನೊಬ್ಬರನ್ನು ಕಳಿಸುತ್ತದೆ.

ಎಕ್ಸ್‌ಪೋರ್ಟ್ ಆಗುವಾಗ ಡಿಎಚ್‌ಸಿಪಿ ಸರ್ವೀಸ್ ಓಡುತ್ತಿರಬೇಕು. ಮುಗಿದ ಕೂಡಲೇ ಅದನ್ನು ನಿಲ್ಲಿಸಿ. ನಿಲ್ಲಿಸಿದರೆ ಸಾಲದು, ಸ್ಟಾರ್ಟಪ್ ಟೈಪ್ ಅನ್ನು ಡಿಸೇಬಲ್ಡ್ ಅಂತ ಮಾಡಿ. ಇಲ್ಲದಿದ್ದರೆ ಮುಂದೆ ಯಾವತ್ತೋ ಅಪ್‌ಡೇಟ್ ಆಗಿ ಹಳೇ ಸರ್ವರ್ ರೀಸ್ಟಾರ್ಟ್ ಆದಾಗ ಅದೂ ಎದ್ದು ಕೂತು ವಿಳಾಸ ಹಂಚಲು ಶುರುಮಾಡುತ್ತದೆ.

ಹಳೇ ಸರ್ವರ್‌ನಲ್ಲಿ ಸ್ಕೋಪನ್ನು ಡಿಆಕ್ಟಿವೇಟ್ ಮಾಡುವುದೂ ನಿಲ್ಲಿಸಿದ ಹಾಗೇ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಸರ್ವೀಸ್ ನಿಲ್ಲಿಸಿದರೆ ಸರ್ವರ್ ಸುಮ್ಮನಿರುತ್ತದೆ. ಡಿಆಕ್ಟಿವೇಟ್ ಮಾಡಿದರೆ, ಮುಂದುವರಿಸಲು ಕೇಳಿಕೊಂಡು ಬಂದವರಿಗೆ "ಈ ವಿಳಾಸ ನಡೆಯಲ್ಲ, ಬಿಡು" ಅಂತ ಹೇಳಿ ಕಳಿಸುತ್ತದೆ. ಹಾಗಾಗಿ ಡಿಆಕ್ಟಿವೇಟ್ ಮುಟ್ಟಲೇಬೇಡಿ.

ಕಡತವನ್ನು ಪೆನ್‌ಡ್ರೈವ್‌ನಲ್ಲಿ ಹೊಸ ಸರ್ವರ್‌ಗೆ ತನ್ನಿ. ನೆಟ್‌ವರ್ಕನ್ನೇ ರಿಪೇರಿ ಮಾಡುವಾಗ ನೆಟ್‌ವರ್ಕ್ ಶೇರ್ ನಂಬುವುದು ಯಾಕೆ? ಅಲ್ಲಿ "ಇಂಪೋರ್ಟ್-ಡಿಎಚ್‌ಸಿಪಿಸರ್ವರ್" ಕೊಡಿ. ಇದಕ್ಕೆ "-ಫೈಲ್" ಜೊತೆಗೆ "-ಬ್ಯಾಕಪ್‌ಪಾತ್" ಕೂಡ ಬೇಕೇಬೇಕು, ಇಲ್ಲಿಯೂ "-ಲೀಸಸ್" ಮರೆಯಬೇಡಿ. ಎರಡೂ ಕಡೆ ಅದು ಇದ್ದರೆ ಮಾತ್ರ ನೆನಪು ಸಾಗುತ್ತದೆ.

ಆಥರೈಸ್ ಮಾಡುವ ಮುಂಚೆ ಕನ್ಸೋಲ್ ತೆರೆದು ನೋಡಿ. ಸ್ಕೋಪ್‌ಗಳೆಷ್ಟು, ರಿಸರ್ವೇಶನ್ ಎಷ್ಟು, ಲೀಸ್ ಎಷ್ಟು ಅಂತ ಹಳೆಯದರ ಜೊತೆ ತಾಳೆ ನೋಡಿ. ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಬೈಂಡಿಂಗ್ಸ್ ಒತ್ತಿ, ಸರಿಯಾದ ನೆಟ್‌ವರ್ಕ್ ಕಾರ್ಡ್‌ಗೆ ಟಿಕ್ ಇದೆಯೇ ನೋಡಿ. ಅದೇ ಪುಟದಲ್ಲಿ ಕಾನ್‌ಫ್ಲಿಕ್ಟ್ ಡಿಟೆಕ್ಷನ್ ಅಂತ ಇದೆ. ಅಂದರೆ, ವಿಳಾಸ ಕೊಡುವ ಮುಂಚೆ ಆಗಲೇ ಯಾರಾದರೂ ಬಳಸುತ್ತಿದ್ದಾರೆಯೇ ಅಂತ ಪಿಂಗ್ ಮಾಡಿ ನೋಡುವುದು. ಸಾಮಾನ್ಯವಾಗಿ ಇದು 0 ಇರುತ್ತದೆ. ಮೊದಲ ಎರಡು ವಾರ 2 ಅಂತ ಇಡಿ. ಜಾಸ್ತಿ ಇಟ್ಟರೆ ಪ್ರತಿಯೊಬ್ಬರಿಗೂ ವಿಳಾಸ ಸಿಗುವುದು ಅಷ್ಟು ತಡವಾಗುತ್ತದೆ.

ಹಳೇ ವಿಳಾಸವನ್ನೇ ಹೊಸದಕ್ಕೆ ಕೊಡುವವರು ಈಗ ಹಳೆಯದರ ಕೇಬಲ್ ತೆಗೆದು ಐಪಿ ಬದಲಿಸಿ. ಆಮೇಲೆ ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಥರೈಸ್ ಕೊಡಿ. ಇವೆಂಟ್ ವ್ಯೂವರ್‌ನಲ್ಲಿ 1044 ಬಂದರೆ ಅನುಮತಿ ಸಿಕ್ಕಿದೆ, ಹಂಚಲು ಶುರುಮಾಡಿದೆ ಅಂತ. 1046 ಬಂದರೆ ಅನುಮತಿ ಸಿಕ್ಕಿಲ್ಲ. ಹಳೇ ಸರ್ವರ್‌ನ ಆಥರೈಸೇಶನ್ ಕೂಡ ಈಗಲೇ ತೆಗೆದುಬಿಡಿ.

6. ಪರೀಕ್ಷೆ: ಎದುರಿಗಿರುವ ಕಂಪ್ಯೂಟರ್ ಸರಿ ಇದೆ ಅಂತ ಮನೆಗೆ ಹೋಗಬೇಡಿ

ಪರೀಕ್ಷೆಯ ಲ್ಯಾಪ್‌ಟಾಪ್‌ನಲ್ಲಿ "ಐಪಿಕಾನ್ಫಿಗ್ /ರಿಲೀಸ್", ಆಮೇಲೆ "ಐಪಿಕಾನ್ಫಿಗ್ /ರಿನ್ಯೂ", ಕೊನೆಗೆ "ಐಪಿಕಾನ್ಫಿಗ್ /ಆಲ್" ಕೊಡಿ. ಬಂದದ್ದರಲ್ಲಿ ಡಿಎಚ್‌ಸಿಪಿ ಸರ್ವರ್ ಅನ್ನುವ ಸಾಲು ಹುಡುಕಿ. ಅಲ್ಲಿ ಹೊಸ ಸರ್ವರ್‌ನ ವಿಳಾಸ ಇರಬೇಕು. ನೆಟ್ ಬರುತ್ತಿದೆಯೇ ಅನ್ನುವುದಲ್ಲ, ಈ ಒಂದು ಸಾಲೇ ನಿಜವಾದ ಸಾಕ್ಷಿ. ಎನಿಡೆಸ್ಕ್‌ನಂಥ ದೂರದ ಸಂಪರ್ಕದಲ್ಲಿ ಕೂತು ರಿಲೀಸ್ ಕೊಡಬೇಡಿ. ಕೊಟ್ಟ ಕ್ಷಣ ಸಂಪರ್ಕ ಕಡಿಯುತ್ತದೆ, ರಿನ್ಯೂ ಕೊಡಲು ನೀವೇ ಗಾಡಿ ಹತ್ತಬೇಕು.

ಇದನ್ನು ಪ್ರತಿ ವಿಎಲ್ಯಾನ್‌ನಲ್ಲೂ ಮಾಡಿ. ಪ್ರತಿ ಮಹಡಿಯಲ್ಲೂ ಮಾಡಿ. ಕೇಬಲ್‌ನಲ್ಲೂ ವೈಫೈನಲ್ಲೂ ಮಾಡಿ. ಪ್ರಿಂಟ್ ಒಂದು ತೆಗೆಯಿರಿ, ಟ್ಯಾಲಿ ತೆರೆಯಿರಿ, ಐಪಿ ಫೋನ್ ಇದ್ದರೆ ರೀಸ್ಟಾರ್ಟ್ ಮಾಡಿ ನೋಡಿ.

ತಪ್ಪಾದಾಗ ಕಾಣುವ ಗುರುತುಗಳು ಇವು.

ವಿಳಾಸ 169.254 ಅಂತ ಶುರುವಾಗಿದ್ದರೆ ಯಾವ ಸರ್ವರೂ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಆಥರೈಸ್, ರಿಲೇ, ಸ್ನೂಪಿಂಗ್ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಹೀಗಾದರೆ ಕಾರಣ ಬೇರೆ. ಕಂಪ್ಯೂಟರ್‌ಗಳು ಬೇಗ ಎದ್ದಿವೆ, ಸರ್ವರ್ ಇನ್ನೂ ಏಳುತ್ತಿದೆ. ವಿಂಡೋಸ್ 5 ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ, ಕಾಯಿರಿ. ಸರ್ವರನ್ನೂ ಸ್ವಿಚ್ಚನ್ನೂ ಯುಪಿಎಸ್‌ಗೆ ಹಾಕಿ.

ನಿಮ್ಮದಲ್ಲದ ಸಾಲಿನ ವಿಳಾಸ ಬಂದಿದ್ದರೆ, ಉದಾಹರಣೆಗೆ ನಿಮ್ಮದು 192.168.10 ಆಗಿದ್ದು ಒಬ್ಬರಿಗೆ 192.168.0 ಬಂದಿದ್ದರೆ, ಇನ್ಯಾರೋ ಹಂಚುತ್ತಿದ್ದಾರೆ. ಸಾಮಾನ್ಯವಾಗಿ ಅದು ಯಾರೋ ಮನೆಯಿಂದ ತಂದು ಮೇಜಿನ ಕೆಳಗೆ ಸಿಕ್ಕಿಸಿದ ವೈಫೈ ರೌಟರ್. ಆ ಕಂಪ್ಯೂಟರ್‌ನಲ್ಲಿ "ಡಿಎಚ್‌ಸಿಪಿ ಸರ್ವರ್" ಸಾಲು ನೋಡಿ, ಆ ವಿಳಾಸದ ಮ್ಯಾಕ್ ಹಿಡಿದು, ಸ್ವಿಚ್‌ನಲ್ಲಿ ಯಾವ ಪೋರ್ಟ್ ಅಂತ ಹುಡುಕಿ. ಸ್ವಿಚ್ ಅಷ್ಟು ಬುದ್ಧಿವಂತ ಅಲ್ಲದಿದ್ದರೆ ಒಂದೊಂದೇ ಕೇಬಲ್ ಕಿತ್ತು ನೋಡಬೇಕು, ಬೇರೆ ದಾರಿ ಇಲ್ಲ.

ಲೀಸ್ ಪಟ್ಟಿಯಲ್ಲಿ ಬ್ಯಾಡ್ ಅಡ್ರೆಸ್ ಅಂತ ಕಂಡರೆ, ಸರ್ವರ್ ಕೊಟ್ಟ ವಿಳಾಸ ಆಗಲೇ ಯಾರದೋ ಹತ್ತಿರ ಇತ್ತು ಅಂತ ಅರ್ಥ. ಒಂದನೇ ಹಂತದಲ್ಲಿ ತಪ್ಪಿಸಿಕೊಂಡ ಯಂತ್ರ ಅದು. ಹುಡುಕಿ ಎಕ್ಸ್‌ಕ್ಲೂಷನ್‌ಗೆ ಸೇರಿಸಿ.

ವಾಪಸ್ ಹೋಗುವ ತೀರ್ಮಾನವನ್ನು ಮೊದಲ ಒಂದೆರಡು ಗಂಟೆಯಲ್ಲೇ ಮಾಡಿ. ಹೊಸದನ್ನು ನಿಲ್ಲಿಸಿ, ಹಳೆಯದನ್ನು ಮತ್ತೆ ಆಥರೈಸ್ ಮಾಡಿ ಎಬ್ಬಿಸಿದರೆ ಆಯಿತು. ಸೋಮವಾರ ಮಧ್ಯಾಹ್ನ ವಾಪಸ್ ಹೋದರೆ, ಅಷ್ಟರಲ್ಲಿ ಹೊಸದು ಹಂಚಿದ ವಿಳಾಸಗಳು ಹಳೆಯದಕ್ಕೆ ಗೊತ್ತಿರುವುದಿಲ್ಲ. ಹಾಗೆ ಹೋಗಲೇಬೇಕಾಗಿ ಬಂದರೆ ಹಳೆಯದರಲ್ಲೂ ಕಾನ್‌ಫ್ಲಿಕ್ಟ್ ಡಿಟೆಕ್ಷನ್ 2 ಮಾಡಿಯೇ ಎಬ್ಬಿಸಿ.

7. ಮೊದಲ ಹತ್ತು ದಿನ

ಹೊಸ ಸರ್ವರ್‌ನ ಸಿಸ್ಟಮ್32 ಫೋಲ್ಡರಿನ ಒಳಗೆ ಡಿಎಚ್‌ಸಿಪಿ ಅನ್ನುವ ಫೋಲ್ಡರ್ ಇದೆ. ಅದರಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಲಾಗ್ ಕಡತ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪ್ರತಿ ಸಾಲಿನ ಮೊದಲ ಸಂಖ್ಯೆ ನೋಡಿದರೆ ಸಾಕು. 10 ಅಂದರೆ ಹೊಸ ಲೀಸ್, 11 ಅಂದರೆ ಮುಂದುವರಿಸಿದ್ದು. 13 ಅಂದರೆ ಆ ವಿಳಾಸ ಯಾರೋ ಬಳಸುತ್ತಿದ್ದಾರೆ. 14 ಅಂದರೆ ಕೊಡಲು ವಿಳಾಸವೇ ಉಳಿದಿಲ್ಲ, 15 ಅಂದರೆ ಲೀಸ್ ನಿರಾಕರಿಸಿದೆ.

ಹೊಸ ಸರ್ವರ್‌ಗೆ ಹೊಸ ಐಪಿ ಕೊಟ್ಟಿದ್ದರೆ, ರೀಸ್ಟಾರ್ಟ್ ಆಗದೆ ಓಡುತ್ತಲೇ ಇರುವ ಯಂತ್ರಗಳು 4ನೇ ದಿನ ಹಳೇ ಸರ್ವರನ್ನೇ ಹುಡುಕಿ, ಸಿಗದೆ, 7ನೇ ದಿನ ಕೂಗಿದಾಗ ಹೊಸದರ ಕೈಗೆ ಬರುತ್ತವೆ. ಇದು ಸಹಜ. ಆದರೆ 8 ದಿನ ಆದರೂ ಲಾಗ್‌ನಲ್ಲಿ ಯಾವುದಾದರೂ ವಿಎಲ್ಯಾನ್‌ನಿಂದ ಒಂದೂ 11 ಕಾಣದಿದ್ದರೆ ಅಲ್ಲಿನ ರಿಲೇ ಕೈಬಿಟ್ಟಿದೆ.

14 ಕಾಣಿಸಿಕೊಂಡರೆ ಬಹುಪಾಲು ಮೊಬೈಲ್‌ಗಳ ಕಾಟ. /24 ಸಾಲಿನಲ್ಲಿ (ವಿಳಾಸದ ಕೊನೆಯ ಸಂಖ್ಯೆ ಮಾತ್ರ ಬದಲಾಗುವ ಸಾಲು) ಬಳಸಲು ಸಿಗುವುದೇ 254 ವಿಳಾಸ. ಬಂದುಹೋಗುವವರ ಫೋನುಗಳು ಎಂಟೆಂಟು ದಿನ ಅವನ್ನು ಹಿಡಿದಿಟ್ಟುಕೊಂಡರೆ ಬೇಗ ಖಾಲಿ. ಅತಿಥಿಗಳ ವೈಫೈಗೆ ಬೇರೆ ಸ್ಕೋಪ್ ಮಾಡಿ, ಅಲ್ಲಿ ಲೀಸ್ ಕೆಲವೇ ಗಂಟೆ ಇಡಿ.

ಡಿಎಚ್‌ಸಿಪಿಯೇ ಕಂಪ್ಯೂಟರ್ ಹೆಸರುಗಳನ್ನು ಡಿಎನ್‌ಎಸ್‌ನಲ್ಲಿ ಬರೆಯುವ ಹಾಗೆ ಮಾಡಿದ್ದರೆ ಇನ್ನೊಂದು ಸಣ್ಣ ತಲೆನೋವು. ಹಳೇ ಸರ್ವರ್ ತನ್ನ ಹೆಸರಿನಲ್ಲಿ ಬರೆದ ದಾಖಲೆಗಳನ್ನು ಹೊಸದು ತಿದ್ದಲಾರದು. ಅಡ್ವಾನ್ಸ್ಡ್ ಪುಟದಲ್ಲಿ ಕ್ರೆಡೆನ್ಷಿಯಲ್ಸ್ ಅಂತ ಇರುವಲ್ಲಿ, ಹಳೆಯದರಲ್ಲಿ ಯಾವ ಖಾತೆ ಇತ್ತೋ ಅದನ್ನೇ ಪಾಸ್‌ವರ್ಡ್ ಸಮೇತ ಮತ್ತೆ ಕೊಡಿ. ಹಳೆಯದರಲ್ಲಿ ಖಾತೆಯೇ ಇರಲಿಲ್ಲ ಅಂದರೆ ಆ ಹಳೇ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ ಅಳಿಸಬೇಕಾಗುತ್ತದೆ.

ರೌಟರ್‌ನಿಂದ ಸರ್ವರ್‌ಗೆ ಬರುತ್ತಿರುವವರಿಗೆ

ನಿಮಗೆ ಎಕ್ಸ್‌ಪೋರ್ಟ್ ಭಾಗ್ಯ ಇಲ್ಲ. ರೌಟರ್‌ನ ಪುಟದಲ್ಲಿ ಕಾಣುವ ಲೀಸ್ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ, ಮ್ಯಾಕ್ ಸಮೇತ. ಹೊಸ ಸರ್ವರ್‌ನ ಸ್ಕೋಪನ್ನು ರೌಟರ್ ಇದುವರೆಗೆ ಹಂಚಿದ ಸಾಲಿನಿಂದ ದೂರ ಇಡುವುದೇ ಅತಿ ಸುಲಭ. ರೌಟರ್ 100ರಿಂದ 199ರವರೆಗೆ ಹಂಚುತ್ತಿದ್ದರೆ ನೀವು 200ರಿಂದ 250ರವರೆಗೆ ಶುರುಮಾಡಿ. ಒಬ್ಬರ ಮನೆಗೆ ಇನ್ನೊಬ್ಬರನ್ನು ಕಳಿಸುವ ಪ್ರಶ್ನೆಯೇ ಬರುವುದಿಲ್ಲ. ಐವತ್ತು ಸಾಲದಿದ್ದರೆ, ಹಳೇ ಲೀಸ್‌ಗಳೆಲ್ಲ ಮುಗಿದ ಮೇಲೆ ಸ್ಕೋಪ್ ಅಗಲ ಮಾಡಿ. ಗೇಟ್‌ವೇ ಆಗಿ ರೌಟರ್‌ನ ವಿಳಾಸವೇ ಇರಲಿ, ಆಪ್ಷನ್ 3ರಲ್ಲಿ ಅದನ್ನು ಬರೆಯಲು ಮರೆಯಬೇಡಿ.

ರೌಟರ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಸೇವ್ ಮಾಡಿ, ಒಮ್ಮೆ ರೌಟರನ್ನೇ ರೀಸ್ಟಾರ್ಟ್ ಮಾಡಿ ಆಮೇಲೂ ಆಫ್ ಆಗಿಯೇ ಇದೆಯೇ ನೋಡಿ. ಮುಂದೆ ಇಂಟರ್ನೆಟ್ ಕಂಪನಿಯವರು ಬಂದು ರೌಟರ್ ಬದಲಿಸಿದರೆ, ಇಲ್ಲವೇ ರೀಸೆಟ್ ಗುಂಡಿ ಒತ್ತಿದರೆ, ಅದು ಮತ್ತೆ ಆನ್ ಆಗಿರುತ್ತದೆ. ರೌಟರ್ ಮೇಲೆ ಒಂದು ಚೀಟಿ ಅಂಟಿಸಿ: "ಡಿಎಚ್‌ಸಿಪಿ ಆಫ್ ಇರಬೇಕು."

ಕೊನೆಯ ಸಫಾಯಿ

ಹತ್ತು ದಿನ ಸದ್ದಿಲ್ಲದೆ ಕಳೆದರೆ ಹೊಸ ಸರ್ವರ್‌ನಲ್ಲಿ ಲೀಸ್ ಅವಧಿ ನೋಡಿ. ಹಳೆಯದರಲ್ಲಿ ನೀವು 8 ಗಂಟೆಗೆ ಇಳಿಸಿದ್ದರೆ, ಎಕ್ಸ್‌ಪೋರ್ಟ್ ಜೊತೆ ಅದೂ ಬಂದು ಕೂತಿರುತ್ತದೆ. ವಾಪಸ್ 8 ದಿನ ಮಾಡಿ. ಆಪ್ಷನ್ 6ರಿಂದ ಹಳೇ ಡಿಎನ್‌ಎಸ್ ತೆಗೆಯಿರಿ, ಅದಾಗಿ ನಾಲ್ಕೈದು ದಿನ ಬಿಟ್ಟು ಹಳೇ ಡಿಎನ್‌ಎಸ್ ನಿಲ್ಲಿಸಿ. ಸ್ವಿಚ್‌ಗಳ ರಿಲೇ ಪಟ್ಟಿಯಿಂದ ಹಳೇ ವಿಳಾಸ ತೆಗೆಯಿರಿ. ಎರಡು ವಾರ ಆದ ಮೇಲೆ ಕಾನ್‌ಫ್ಲಿಕ್ಟ್ ಡಿಟೆಕ್ಷನ್ 0ಗೆ ಇಳಿಸಿ. ಒಂದನೇ ಹಂತದ ಪಟ್ಟಿಯನ್ನು ಪ್ರಿಂಟ್ ತೆಗೆದು ಸರ್ವರ್ ರ್‍ಯಾಕ್ ಬಾಗಿಲಿನ ಒಳಗೆ ಅಂಟಿಸಿ. ಹಳೇ ಸರ್ವರ್‌ನ ಡಿಸ್ಕನ್ನು ಮಾತ್ರ ಒಂದು ತಿಂಗಳು ಅಳಿಸಬೇಡಿ.